ಹತ್ತು ಗಂಟೆಗಳ ಪಾಠ: ಅಮೆರಿಕದ ಕಟ್ಟಡದ ಕೆಲಸಗಾರರ ಸುರಕ್ಷಾಶಿಕ್ಷಣದ ಚರಿತ್ರೆ

1

ಕಟ್ಟಡಗಳ ಚರಿತ್ರೆಯಲ್ಲಿ ಕಟ್ಟಿಸಿದವನ ಹೆಸರು ಮೊದಲು ಬರುವುದು; ರೂಪಿಸಿದವನ ಹೆಸರು ಅನಂತರ ಬರುವುದು. ಹೊಯ್ಸಳರ ದೇವಾಲಯಗಳಲ್ಲಿ ಮಲ್ಲಿತಮ್ಮ, ದಾಸೋಜ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರುಗಳನ್ನು ಕೆತ್ತಿ ಹೋಗಿರುವುದು ಚರಿತ್ರಕಾರರ ಭಾಗ್ಯವೆಂದೇ ಹೇಳಬೇಕು. ಆದರೆ ಕಲ್ಲನ್ನು ಮೇಲಕ್ಕೇರಿಸಿದ ಕೂಲಿಯವನ ಗತಿಯೇನಾಯಿತೆಂದು ವಿಚಾರಿಸುವ ವಾಡಿಕೆ ಬಹುಕಾಲ ಯಾವ ದೇಶದಲ್ಲಿಯೂ ಇದ್ದಂತೆ ತೋರುವುದಿಲ್ಲ.

ಕಟ್ಟಡದ ಅಪಾಯವನ್ನು ಕುರಿತ ಶಾಸನಗಳು ಮಾತ್ರ ಬಹು ಪ್ರಾಚೀನವಾದುವು. ಕ್ರಿಸ್ತಪೂರ್ವ 18ನೆಯ ಶತಮಾನದ ಬಾಬಿಲೋನಿನ ಅರಸನಾದ ಹಮ್ಮುರಾಬಿಯ ಶಾಸನಗಳಲ್ಲಿ, ಮನೆಯು ಕುಸಿದು ಯಜಮಾನನು ಸತ್ತರೆ ಅದನ್ನು ಕಟ್ಟಿದವನಿಗೆ ಮರಣದಂಡನೆಯೆಂದು ವಿಧಿಯುಂಟು. ಯಜಮಾನನ ಮಗನು ಸತ್ತರೆ, ಆಳು ಸತ್ತರೆ, ಸೊತ್ತು ನಾಶವಾದರೆ, ಗೋಡೆಯು ಬಾಗಿದರೆ ಏನು ಮಾಡಬೇಕೆಂಬುದನ್ನೂ ಅದು ಒಂದೊಂದಾಗಿ ಹೇಳುವುದು. ಯೆಹೂದ್ಯರ ಧರ್ಮಗ್ರಂಥವು ಹೊಸಮನೆಯ ಮಾಳಿಗೆಗೆ ಕಟಾಂಜನವನ್ನು ಕಟ್ಟಬೇಕೆಂದೂ, ಕಟ್ಟದಿದ್ದರೆ ಅಲ್ಲಿಂದ ಬಿದ್ದವನ ರಕ್ತದ ದೋಷವು ಆ ಮನೆಗೆ ತಗಲುವುದೆಂದೂ ವಿಧಿಸುವುದು. ಈ ಎರಡರಲ್ಲಿಯೂ ಶಾಸ್ತ್ರಕಾರನ ದೃಷ್ಟಿಯು ಕಟ್ಟಿ ಮುಗಿದ ಮನೆಯ ಮೇಲೆಯೇ ಇರುವುದು. ಕಟ್ಟುತ್ತಿರುವಾಗ ಗೋಡೆಯ ಮೇಲೆ ನಿಂತಿರುವವನ ಮಾತು ಅವುಗಳಲ್ಲಿ ಇಲ್ಲ. ಅವನ ಮಾತು ಶಾಸನದೊಳಗೆ ಬಂದ ಬಗೆ ಯಾವುದು, ಅವನಿಗೆ ಅಪಾಯವನ್ನು ತಿಳಿಸಿಕೊಡುವುದು ಯಾರ ಹೊಣೆಯೆಂದು ನಿರ್ಣಯವಾಯಿತು, ಆ ಬೋಧನೆಯು ಈಗ ಗಣಕಯಂತ್ರದ ತೆರೆಯ ಮೇಲಕ್ಕೆ ಹೇಗೆ ಬಂದಿತು ಎಂಬುದನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಈ ಚರಿತ್ರೆಯ ಆರಂಭದಲ್ಲಿ ನಿಂತಿರುವುದು ಬೋಧನೆಯಲ್ಲ, ಒಂದು ಊಹೆ. 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಮತ್ತು ಫೌಲರ್ ಎಂಬವರ ನಡುವಣ ವ್ಯಾಜ್ಯದಲ್ಲಿಯೂ, 1842ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಫಾರ್‌ವೆಲ್ ಎಂಬ ರೈಲುಯಂತ್ರಚಾಲಕನ ವ್ಯಾಜ್ಯದಲ್ಲಿಯೂ ನ್ಯಾಯಾಧೀಶರು ಒಂದು ತತ್ತ್ವವನ್ನು ಸ್ಥಾಪಿಸಿದರು. ಫಾರ್‌ವೆಲ್ಲನು ಜೊತೆಯ ನೌಕರನೊಬ್ಬನ ಅಜಾಗ್ರತೆಯಿಂದ ತನ್ನ ಕೈಯನ್ನು ಕಳೆದುಕೊಂಡಿದ್ದನು. ಮುಖ್ಯ ನ್ಯಾಯಾಧೀಶನಾದ ಲೆಮ್ಯುಯೆಲ್ ಷಾ ಅವನಿಗೆ ಪರಿಹಾರವಿಲ್ಲವೆಂದು ತೀರ್ಪುಕೊಟ್ಟನು. ಉದ್ಯೋಗದಲ್ಲಿರುವ ಅಪಾಯಗಳನ್ನು ಕೆಲಸಗಾರನು ಬಲ್ಲನು. ಬಲ್ಲವನಾಗಿಯೇ ಕೂಲಿಗೆ ಒಪ್ಪಿರುವನು. ಅಪಾಯದ ಬೆಲೆಯು ಆ ಕೂಲಿಯಲ್ಲಿಯೇ ಸೇರಿರುವುದು ಎಂಬುದು ಆ ತೀರ್ಪಿನ ಸಾರಾಂಶ.

ಇಂತಹ ತೀರ್ಪುಗಳಿಂದ ಒಡೆಯರಿಗೆ ಮೂರು ಕವಚಗಳು ದೊರೆತುವು. ಕೆಲಸಗಾರನು ಅಪಾಯವನ್ನು ತಾನಾಗಿ ಅಂಗೀಕರಿಸಿದನೆಂಬುದು ಒಂದು. ಹಾನಿಯು ಜೊತೆಯ ನೌಕರನಿಂದ ಆಯಿತೆಂಬುದು ಇನ್ನೊಂದು. ಗಾಯಗೊಂಡವನ ತಪ್ಪೂ ಸ್ವಲ್ಪ ಇತ್ತೆಂಬುದು ಮೂರನೆಯದು. ಈ ಮೂರರಲ್ಲಿ ಮೊದಲನೆಯದೇ ಮೂಲವಾದುದು. ಅದನ್ನು ‘ಆರೋಪಿತಜ್ಞಾನ’ವೆಂದು ಕರೆಯಬಹುದು. ನಿನ್ನೆ ಹಳ್ಳಿಯಿಂದ ಬಂದು ಇಂದು ಸಾರುವೆಯನ್ನು ಹತ್ತಿದವನಿಗೂ, ಇಪ್ಪತ್ತು ವರ್ಷ ಅದೇ ಕೆಲಸದಲ್ಲಿ ಪಳಗಿದ ಮೇಸ್ತ್ರಿಗೂ ಒಂದೇ ತಿಳಿವಳಿಕೆಯನ್ನು ನ್ಯಾಯಸ್ಥಾನವು ಹೊರಿಸಿತು. ಇಲ್ಲದ ಜ್ಞಾನವನ್ನು ಇದೆಯೆಂದು ಭಾವಿಸಿ, ಆ ಭಾವನೆಯ ಮೇಲೆ ಹೊಣೆಯನ್ನು ಬೇರೆಡೆಗೆ ಸಾಗಿಸುವ ಈ ಕ್ರಮವನ್ನು ಮುಂದಿನ ಭಾಗಗಳಲ್ಲಿಯೂ ನೆನಪಿನಲ್ಲಿಡಬೇಕು.

3

ಊಹೆಯನ್ನು ಅಲುಗಿಸಿದುದು ಅಂಕಿಗಳು. ಕ್ರಿಸ್ಟಲ್ ಈಸ್ಟ್‌ಮನ್ ಎಂಬ ವಿದುಷಿಯು ಪಿಟ್ಸ್‌ಬರ್ಗಿನ ಸುತ್ತಲಿನ ಆಲೆಗನಿ ಜಿಲ್ಲೆಯಲ್ಲಿ 1906ರ ಜುಲೈ ತಿಂಗಳಿಂದ ಒಂದು ವರ್ಷದೊಳಗೆ ಕೆಲಸದಲ್ಲಿ ಸತ್ತ 526 ಜನರ ವಿವರಗಳನ್ನು ಸಂಗ್ರಹಿಸಿ, 1910ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದಳು. ಸತ್ತವರ ಅಜಾಗ್ರತೆಯೇ ಎಲ್ಲಕ್ಕೂ ಕಾರಣವೆಂಬ ಲೋಕರೂಢಿಯ ಮಾತು ಆ ವಿವರಗಳ ಮುಂದೆ ನಿಲ್ಲಲಿಲ್ಲ. 1911ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಕೆಲಸಗಾರರ ಪರಿಹಾರದ ಕಾಯಿದೆಯನ್ನು ಜಾರಿಗೆ ತಂದಿತು; ಇತರ ಸಂಸ್ಥಾನಗಳು ಅದನ್ನು ಹಿಂಬಾಲಿಸಿದುವು. ತಪ್ಪು ಯಾರದೆಂಬ ವಿಚಾರವಿಲ್ಲದೆಯೇ ಗಾಯಗೊಂಡವನಿಗೆ ಪರಿಹಾರವು ಸಲ್ಲತೊಡಗಿತು. ಪರಿಹಾರದ ಹಣವು ಒಡೆಯನ ಬೊಕ್ಕಸದಿಂದ ಹೊರಡಬೇಕಾದಾಗ ಅಪಾಯವನ್ನು ತಡೆಯುವುದು ಲಾಭವೆಂದು ತೋರಿತು. 1913ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸುರಕ್ಷಾಪರಿಷತ್ತು ಈ ಹೊಸ ಬುದ್ಧಿಯ ಫಲವೇ ಆಗಿರುವುದು.

ಆ ಕಾಲದ ಕೆಲಸಗಳಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. 1933ರಿಂದ 1937ರವರೆಗೆ ನಡೆದ ಆ ಕೆಲಸದಲ್ಲಿ ಮುಖ್ಯ ಶಿಲ್ಪಿಯಾದ ಜೋಸೆಫ್ ಸ್ಟ್ರಾಸನು ಎಲ್ಲರೂ ಗಟ್ಟಿಯಾದ ಶಿರಸ್ತ್ರಾಣವನ್ನು ಧರಿಸಬೇಕೆಂದು ಕಟ್ಟುಮಾಡಿದನು. ಸೇತುವೆಯ ಕೆಳಗೆ ಉದ್ದಕ್ಕೂ ಬಲೆಯನ್ನು ಹಾಸಿಸಿದನು. ಹತ್ತೊಂಬತ್ತು ಮಂದಿ ಆ ಬಲೆಯಲ್ಲಿ ಬಿದ್ದು ಬದುಕಿದರು. 1937ರ ಫೆಬ್ರವರಿ 17ರಂದು ಭಾರವಾದ ಸಾರುವೆಯೊಂದು ಕಳಚಿಬಿದ್ದು ಬಲೆಯನ್ನೇ ಹರಿದುಕೊಂಡು ಹೋದುದರಿಂದ ಹತ್ತು ಜನರು ಮಡಿದರು. ಈ ಎರಡು ಸಂಗತಿಗಳಿಂದಲೂ ಒಂದು ವಿಷಯವು ವ್ಯಕ್ತವಾಗುವುದು. ಬಲೆಯು ಬೀಳುವವನನ್ನು ನೀನು ಪಾಠ ಕೇಳಿರುವೆಯಾ ಎಂದು ವಿಚಾರಿಸುವುದಿಲ್ಲ. ಎಲ್ಲರನ್ನೂ ಸಮನಾಗಿ ಹಿಡಿಯುವುದು. ಅದು ಹರಿದ ದಿನ ಪಾಠ ಕೇಳಿದವನಿಗೂ ಕೇಳದವನಿಗೂ ಒಂದೇ ಗತಿ.

4

ಬೋಧನೆಯು ಒಡೆಯನ ಕರ್ತವ್ಯವೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿದುದು ಬಹು ಈಚಿನ ಮಾತು. 1969ರಲ್ಲಿ ಸರಕಾರದ ಹಣದಿಂದ ನಡೆಯುವ ಕಟ್ಟಡಗಳಿಗೆ ಸಂಬಂಧಪಟ್ಟ ಸುರಕ್ಷಾಕಾಯಿದೆಯು ಬಂದಿತು. 1970ರ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನನು ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯದ ಕಾಯಿದೆಗೆ ಅಂಕಿತವನ್ನು ಹಾಕಿದನು. 1971ರ ಏಪ್ರಿಲ್ 28ರಂದು ಅದು ಜಾರಿಗೆ ಬಂದಿತು. ಅದನ್ನು ನಡೆಸುವ ಇಲಾಖೆಯು ತನ್ನ ಇಂಗ್ಲೀಷು ಹೆಸರಿನ ಮೊದಲಕ್ಷರಗಳಿಂದ ‘ಓಷಾ’ ಎಂದು ಪ್ರಸಿದ್ಧವಾಗಿದೆ. ಅಪಾಯಕರವಾದ ಸ್ಥಿತಿಗಳನ್ನು ಗುರುತಿಸಿ ತಪ್ಪಿಸಿಕೊಳ್ಳುವ ಬಗೆಯನ್ನು ಒಡೆಯನು ಪ್ರತಿಯೊಬ್ಬ ಕೆಲಸಗಾರನಿಗೂ ಬೋಧಿಸಬೇಕೆಂದು ಕಟ್ಟಡದ ಕೆಲಸದ ನಿಯಮಾವಳಿಯು ವಿಧಿಸಿರುವುದು. 1842ರ ಊಹೆಗೆ ಇದು ನೇರವಾದ ಪ್ರತಿಪಕ್ಷವಾಗಿದೆ. ಅಲ್ಲಿ ಕೆಲಸಗಾರನು ತಿಳಿದಿರುವನೆಂದು ಎಣಿಸಿದ್ದರು. ಇಲ್ಲಿ ಅವನು ತಿಳಿದಿಲ್ಲವೆಂದು ಎಣಿಸಿ, ತಿಳಿಸುವ ಹೊಣೆಯನ್ನು ಒಡೆಯನ ಮೇಲೆ ಇಟ್ಟಿರುವರು. ಮೇಲಾಗಿ ಈ ಕಾಯಿದೆಯಲ್ಲಿ ದಂಡವು ಒಡೆಯನಿಗೇ ಹೊರತು ಕೆಲಸಗಾರನಿಗಿಲ್ಲ.

1971ರಲ್ಲಿಯೇ ಓಷಾ ಇಲಾಖೆಯು ಒಂದು ಬೋಧನಕ್ರಮವನ್ನು ಆರಂಭಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ 10 ಗಂಟೆಗಳ ಪಾಠ, ಮೇಲ್ವಿಚಾರಕರಿಗೆ 30 ಗಂಟೆಗಳ ಪಾಠ ಎಂಬುದು ಅದರ ವಿಭಾಗ. ಇಲಾಖೆಯಿಂದ ಅಧಿಕಾರ ಪಡೆದ ಬೋಧಕರು ಪಾಠ ಹೇಳುವರು. ಮುಗಿಸಿದವರಿಗೆ ಒಂದು ಕಾರ್ಡು ದೊರೆಯುವುದು. ಕಟ್ಟಡದ ಕೆಲಸಗಾರರ ಪಾಠದಲ್ಲಿ ಮುಖ್ಯವಾದುದು ನಾಲ್ಕು ಮೃತ್ಯುಕಾರಣಗಳ ವಿವರಣೆ: ಎತ್ತರದಿಂದ ಬೀಳುವುದು, ವಸ್ತುಗಳು ಬಂದು ಬಡಿಯುವುದು, ಯಂತ್ರದಲ್ಲಿಯೋ ಮಣ್ಣಿನಲ್ಲಿಯೋ ಸಿಕ್ಕಿಕೊಳ್ಳುವುದು, ವಿದ್ಯುತ್ತಿನ ಆಘಾತ. ಹತ್ತರಲ್ಲಿ ನಾಲ್ಕು ಗಂಟೆಗಳು ಇವಕ್ಕೇ ಮೀಸಲು.

ಪಾಠದ ವಸ್ತುವು ಸೂತ್ರಪ್ರಾಯವಾದುದು. ಆರು ಅಡಿ ಅಥವಾ ಅದಕ್ಕಿಂತ ಎತ್ತರದಲ್ಲಿ ಅಂಚು ತೆರೆದಿದ್ದರೆ ಕಟಾಂಜನವಾಗಲಿ, ಬಲೆಯಾಗಲಿ, ಸೊಂಟ ಭುಜಗಳನ್ನು ಬಿಗಿಯುವ ಪಟ್ಟಿಯಾಗಲಿ ಇರಬೇಕು. ಒರಗಿಸಿದ ಏಣಿಯು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡದಲ್ಲಿ ಸರಿದಿರಬೇಕು. ಹತ್ತಿ ಇಳಿಯುವ ಅಂತಸ್ತಿನಿಂದ ಮೂರು ಅಡಿ ಮೇಲಕ್ಕೆ ಚಾಚಿರಬೇಕು. ಐದು ಅಡಿ ಅಥವಾ ಅದಕ್ಕಿಂತ ಆಳವಾದ ತೋಡು ಗಟ್ಟಿಬಂಡೆಯಲ್ಲಿ ತೋಡಿದುದಲ್ಲದಿದ್ದರೆ ಅದರ ಪಕ್ಕಗಳಿಗೆ ಆಸರೆ ಕೊಡಬೇಕು, ಇಲ್ಲವೆ ಇಳಿಜಾರಾಗಿ ಕಡಿಯಬೇಕು; ಏಕೆಂದರೆ ಒಂದು ಘನಗಜ ಮಣ್ಣು 3,000 ಪೌಂಡುಗಳವರೆಗೆ ತೂಗುವುದು, ಅದರಡಿಯಲ್ಲಿ ಸಿಕ್ಕಿದವನ ಎದೆಯು ಮತ್ತೆ ಉಸಿರಿಗೆ ಏಳಲಾರದು. ಇವುಗಳಲ್ಲಿ ಒಂದೊಂದು ಸೂತ್ರದ ಹಿಂದೆಯೂ ಭಾಷ್ಯದಂತೆ ಅನೇಕ ಮರಣಗಳಿವೆ.

5

ಮೊದಲು ಈ ಪಾಠವು ಐಚ್ಛಿಕವಾಗಿತ್ತು. ಓಷಾ ಇಲಾಖೆಯ ದೃಷ್ಟಿಯಲ್ಲಿ ಇಂದಿಗೂ ಐಚ್ಛಿಕವೇ. ಈ ಪಾಠದಿಂದ ಒಡೆಯನು ನಿಯಮಾನುಸಾರವಾಗಿ ಕೊಡಬೇಕಾದ ಇತರ ಬೋಧನೆಗಳು ತೀರಿದಂತಾಗುವುದಿಲ್ಲವೆಂದು ಇಲಾಖೆಯು ಸ್ಪಷ್ಟವಾಗಿ ಹೇಳಿರುವುದು. ಅದನ್ನು ಕಡ್ಡಾಯ ಮಾಡಿದುವು ಬೇರೆ ಬೇರೆ ಸಂಸ್ಥಾನಗಳು. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 2006ರಿಂದ, ನ್ಯೂಯಾರ್ಕ್ ಸಂಸ್ಥಾನದಲ್ಲಿ 2008ರಿಂದ ಸಾರ್ವಜನಿಕ ಕಟ್ಟಡದ ಕೆಲಸಗಳಿಗೆ ಅದು ಅವಶ್ಯಕವಾಯಿತು.

ನೆವಾಡಾ ಸಂಸ್ಥಾನದ ಸಂಗತಿಯು ಇನ್ನೂ ಬೋಧಪ್ರದವಾಗಿದೆ. ಲಾಸ್‌ವೇಗಸ್ ನಗರದ ಮುಖ್ಯ ಬೀದಿಯಲ್ಲಿ ಬೃಹತ್ತಾದ ವಿಲಾಸಗೃಹಗಳು ಏಳುತ್ತಿದ್ದಾಗ 18 ತಿಂಗಳಲ್ಲಿ 12 ಜನ ಕೆಲಸಗಾರರು ಸತ್ತರು. 2008ರ ಜೂನ್ ತಿಂಗಳಲ್ಲಿ ಅಲ್ಲಿಯ ಕೆಲಸಗಾರರು ಕೆಲಸವನ್ನು ನಿಲ್ಲಿಸಿ ಹೊರಬಂದರು. ಅವರ ಬೇಡಿಕೆಗಳಲ್ಲಿ ಒಂದು ಈ ಹತ್ತು ಗಂಟೆಗಳ ಪಾಠವೇ ಆಗಿತ್ತೆಂಬುದು ಗಮನಾರ್ಹ. ಕೂಲಿಯನ್ನು ಹೆಚ್ಚಿಸೆಂದು ನಡೆದ ಹರತಾಳಗಳು ಅಸಂಖ್ಯಾತ. ಪಾಠ ಹೇಳಿಸಿರೆಂದು ನಡೆದವು ಅತಿವಿರಳ. ಈ ಮರಣಗಳನ್ನು ಕುರಿತು ಬರೆದ ‘ಲಾಸ್‌ವೇಗಸ್ ಸನ್’ ಪತ್ರಿಕೆಗೆ 2009ರಲ್ಲಿ ಪುಲಿಟ್ಸರ್ ಪಾರಿತೋಷಕವು ದೊರೆಯಿತು. ಅದೇ ವರ್ಷ ನೆವಾಡಾ ಶಾಸನಸಭೆಯು, ಕಟ್ಟಡದ ಕೆಲಸಕ್ಕೆ ಸೇರಿದವನು 15 ದಿನಗಳೊಳಗೆ ಈ ಪಾಠವನ್ನು ಪಡೆದಿರಬೇಕೆಂದು ಕಾಯಿದೆ ಮಾಡಿತು. ನ್ಯೂಯಾರ್ಕ್ ನಗರವು 2017ರ ತನ್ನ 196ನೆಯ ಕಾಯಿದೆಯಿಂದ ಇನ್ನೂ ಮುಂದೆ ಹೋಗಿ, ದೊಡ್ಡ ಕಟ್ಟಡಗಳಲ್ಲಿ ದುಡಿಯುವವರಿಗೆ 40 ಗಂಟೆ, ಮೇಲ್ವಿಚಾರಕರಿಗೆ 62 ಗಂಟೆ ಬೋಧನೆಯನ್ನು ವಿಧಿಸಿತು.

6

ಪಾಠವು ಕಡ್ಡಾಯವಾದೊಡನೆ ಕೇಳುವವರ ಸಂಖ್ಯೆಯು ಹೆಚ್ಚಿತು. ಬೋಧಕನು ಊರೂರಿಗೂ ಹೋಗುವುದು ದುಸ್ಸಾಧ್ಯವಾಯಿತು. 21ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಂತರಜಾಲದ ಮೂಲಕ ಈ ಪಾಠವನ್ನು ನಡೆಸಲು ಓಷಾ ಇಲಾಖೆಯು ಕೆಲವು ಸಂಸ್ಥೆಗಳಿಗೆ ಅಧಿಕಾರವನ್ನು ಕೊಟ್ಟಿತು. ಕೆಲಸಗಾರನು ತನ್ನ ಮನೆಯಲ್ಲಿ, ರಾತ್ರಿಯ ವೇಳೆಯಲ್ಲಿ, ಕೈಯಲ್ಲಿ ಹಿಡಿದ ದೂರವಾಣಿಯ ತೆರೆಯ ಮೇಲೆಯೇ ಪಾಠವನ್ನು ಓದಬಹುದು, ಕೇಳಬಹುದು. ದೂರದ ಹಳ್ಳಿಯವನಿಗೂ, ದಿನಗೂಲಿಯನ್ನು ಬಿಡಲಾರದವನಿಗೂ ಇದರಿಂದ ಆದ ಅನುಕೂಲವು ಅಲ್ಪವಲ್ಲ.

ಯಂತ್ರದ ಪಾಠಕ್ಕೆ ಶಿಸ್ತನ್ನು ತರುವ ಪ್ರಯತ್ನಗಳೂ ನಡೆದುವು. ಒಂದು ದಿನಕ್ಕೆ ಏಳೂವರೆ ಗಂಟೆಗಿಂತ ಹೆಚ್ಚು ಪಾಠ ಕೂಡದೆಂದು ನಿಯಮವಾದುದರಿಂದ ಹತ್ತು ಗಂಟೆಗಳ ಪಾಠಕ್ಕೆ ಕನಿಷ್ಠ ಎರಡು ದಿನಗಳು ಬೇಕು. ಪುಟವನ್ನು ಹಾರಿಸದಂತೆ ಕಾಲವನ್ನು ಎಣಿಸುವ ಗಡಿಯಾರವುಂಟು. ಪ್ರತಿ ಅಧ್ಯಾಯದ ಕೊನೆಗೂ ಪ್ರಶ್ನೆಗಳುಂಟು. ಕಡೆಯ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಅಂಕಗಳು ಬರಬೇಕು, ಮೂರು ಅವಕಾಶಗಳಿರುವುವು. ನ್ಯೂಯಾರ್ಕ್ ನಗರವಾದರೋ ಕಲಿಯುವವನನ್ನು ಕಾವಲುಗಾರನೊಬ್ಬನು ನೋಡುತ್ತಿದ್ದ ಹೊರತು ಅಂತರಜಾಲದ ಪಾಠವನ್ನು ಅಂಗೀಕರಿಸುವುದಿಲ್ಲ.

ಆದರೆ ಗಡಿಯಾರವು ಅಳೆಯುವುದು ಕಾಲವನ್ನು, ಗ್ರಹಿಕೆಯನ್ನಲ್ಲ. ಶ್ರವಣ, ಮನನ, ನಿದಿಧ್ಯಾಸನಗಳೆಂದು ವಿದ್ಯೆಗೆ ಮೂರು ಮೆಟ್ಟಲುಗಳನ್ನು ಹೇಳಿರುವುದು ವೇದಾಂತಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ಸೊಂಟಪಟ್ಟಿಯ ಕೊಕ್ಕೆಯನ್ನು ಎಲ್ಲಿ ಸಿಕ್ಕಿಸಬೇಕೆಂದು ಕೇಳುವುದು ಬೇರೆ. ಗಾಳಿ ಬೀಸುತ್ತಿರುವ ಎಂಟನೆಯ ಅಂತಸ್ತಿನಲ್ಲಿ, ಮೇಸ್ತ್ರಿಯು ಬೇಗ ಬೇಗ ಎಂದು ಕೂಗುತ್ತಿರುವಾಗ, ಕೈಯು ತಾನಾಗಿ ಕೊಕ್ಕೆಯ ಕಡೆಗೆ ಹೋಗುವುದು ಬೇರೆ. 2006ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯದ ವಿದ್ವತ್ಪತ್ರಿಕೆಯೊಂದರಲ್ಲಿ, 1971ರಿಂದ 2003ರವರೆಗಿನ 95 ಸಂಶೋಧನೆಗಳನ್ನೂ, ಅವುಗಳಲ್ಲಿ ಸೇರಿದ ಸುಮಾರು 21,000 ಕೆಲಸಗಾರರ ವಿವರಗಳನ್ನೂ ಒಟ್ಟುಗೂಡಿಸಿ ಪರೀಕ್ಷಿಸಿದ ಲೇಖನವು ಪ್ರಕಟವಾಯಿತು. ಕಲಿಯುವವನು ಸ್ವತಃ ಮಾಡಿ ನೋಡುವ, ಪ್ರಶ್ನೆ ಕೇಳುವ, ಉತ್ತರ ಪಡೆಯುವ ಬೋಧನೆಯು ಬರಿಯ ಉಪನ್ಯಾಸ, ಓದುಪುಸ್ತಕಗಳಿಗಿಂತ ಹೆಚ್ಚು ಜ್ಞಾನವನ್ನು ಕೊಡುವುದೆಂದೂ ಅಪಘಾತಗಳನ್ನು ಹೆಚ್ಚು ತಗ್ಗಿಸುವುದೆಂದೂ ಅದರ ನಿರ್ಣಯ. ಪಾಠಶಾಲೆಯ ಉಪಾಧ್ಯಾಯರು ಬಹುಕಾಲದಿಂದ ಬಲ್ಲ ಸಂಗತಿಯೇ ಇದು.

7

ಬೋಧನೆಯಲ್ಲಿ ಭಾಷೆಯ ಪ್ರಶ್ನೆಯು ಎಲ್ಲಕ್ಕಿಂತ ಮುಖ್ಯವಾದುದು. ಅಮೆರಿಕದ ಕಟ್ಟಡದ ಕೆಲಸಗಾರರಲ್ಲಿ ಸ್ಪ್ಯಾನಿಷ್ ಭಾಷೆಯವರು ಬಹುಸಂಖ್ಯೆಯಲ್ಲಿರುವರು. 2010ರ ಏಪ್ರಿಲ್ ತಿಂಗಳಲ್ಲಿ ಓಷಾ ಇಲಾಖೆಯು, ಬೋಧನೆಯು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೂ ಅವನಿಗೆ ಪರಿಚಿತವಾದ ಶಬ್ದಗಳಲ್ಲಿಯೂ ಇರಬೇಕೆಂದು ಘೋಷಿಸಿತು. ಓದುಬಾರದವನ ಕೈಗೆ ಕಾಗದವನ್ನು ಕೊಟ್ಟರೆ ಅದು ಬೋಧನೆಯಾಗದೆಂಬುದೂ ಆ ಘೋಷಣೆಯ ಅಭಿಪ್ರಾಯ.

ಇದು ಎಂತಹ ಜೀವನ್ಮರಣದ ವಿಷಯವೆಂಬುದು ಐದು ವರ್ಷಗಳ ತರುವಾಯ ಸ್ಪಷ್ಟವಾಯಿತು. 2015ರ ಏಪ್ರಿಲ್ 6ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದಲ್ಲಿ ಆಸರೆಯಿಲ್ಲದ ಆಳವಾದ ತೋಡಿನಲ್ಲಿ ಈಕ್ವಡಾರ್ ದೇಶದಿಂದ ಬಂದ 22 ವರ್ಷದ ತರುಣನೊಬ್ಬನು ಕೆಲಸ ಮಾಡುತ್ತಿದ್ದನು. ತೋಡು ಅಪಾಯಕರವಾಗಿದೆಯೆಂದು ತನಿಖೆಗಾರನು ಅಂದಿನ ಬೆಳಿಗ್ಗೆಯೇ ಎಚ್ಚರಿಸಿದ್ದನು. ಮೇಲಕ್ಕೆ ಬನ್ನಿರೆಂದು ಮೇಲ್ವಿಚಾರಕನು ಕೂಗಿದುದು ಇಂಗ್ಲೀಷಿನಲ್ಲಿ; ಕೆಳಗಿದ್ದವರು ಬಹುಮಟ್ಟಿಗೆ ಸ್ಪ್ಯಾನಿಷ್ ಭಾಷೆಯವರು. ಅದೇ ಮಾತು ಅವರ ಭಾಷೆಯಲ್ಲಿ ಬರುವ ಹೊತ್ತಿಗೆ ಕಾಲವು ಮಿಂಚಿಹೋಗಿತ್ತು. ಮಣ್ಣು ಕುಸಿದು ಆ ತರುಣನು ಸತ್ತನು. ಸಂಬಂಧಪಟ್ಟ ಗುತ್ತಿಗೆದಾರ ಸಂಸ್ಥೆಯು ನರಹತ್ಯೆಯ ಅಪರಾಧಿಯೆಂದು 2016ರಲ್ಲಿ ನ್ಯಾಯಸ್ಥಾನವು ತೀರ್ಮಾನಿಸಿತು. ಅವನ ಹೆಸರಿನಿಂದ ಕರೆಯಲ್ಪಡುವ ಕಾಯಿದೆಯು 2022ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಅಂಗೀಕೃತವಾಗಿ, ಇಂತಹ ಅಪರಾಧ ಮಾಡಿದ ಸಂಸ್ಥೆಗಳ ದಂಡವನ್ನು ಹೆಚ್ಚಿಸಿತು. ಲೇಖನದ ಆರಂಭದಲ್ಲಿ ಹೇಳಿದಂತೆ ಕಟ್ಟಿದವರ ಹೆಸರುಗಳು ಕಲ್ಲಿನಲ್ಲಿ ನಿಂತಿರುವುವು. ಇಲ್ಲಿ ಮಣ್ಣಿನಡಿಯಲ್ಲಿ ಸತ್ತವನ ಹೆಸರು ಶಾಸನದಲ್ಲಿ ನಿಂತಿತು.

8

ಕಾರ್ಡು ಕಡ್ಡಾಯವಾದ ಮೇಲೆ ಅದಕ್ಕೊಂದು ಬೆಲೆ ಬಂದಿತು. ಬೆಲೆ ಬಂದ ಮೇಲೆ ನಕಲೂ ಬಂದಿತು. 2024ರ ಫೆಬ್ರವರಿಯಲ್ಲಿ ಮ್ಯಾನ್‌ಹಟನ್ನಿನ ಸರಕಾರೀ ಅಭಿಯೋಜಕರು ಒಂದು ಬೋಧನಸಂಸ್ಥೆಯ ಮೇಲೆ, ಪಾಠವನ್ನೇ ಹೇಳದೆ ಸುಮಾರು 20,000 ಜನರಿಗೆ ಪ್ರಮಾಣಪತ್ರಗಳನ್ನು ಮಾರಿತೆಂಬ ಆರೋಪವನ್ನು ಹೊರಿಸಿದರು. 2022ರಲ್ಲಿ ಎತ್ತರದ ಅಂತಸ್ತಿನಿಂದ ಬಿದ್ದು ಸತ್ತ ಕೆಲಸಗಾರನೊಬ್ಬನ ಹೆಸರಿನಲ್ಲಿ ಅಂತಹ ಪತ್ರವಿತ್ತೆಂಬುದೂ, ಆ ಪಾಠವು ಅವನಿಗೆ ನಡೆದೇ ಇರಲಿಲ್ಲವೆಂಬುದೂ ಆ ಆರೋಪದ ಭಾಗವಾಗಿದೆ.

ಇಂತಹ ಮೋಸವನ್ನು ಬರಿಯ ಹಣದಾಸೆಯೆಂದು ಎಣಿಸಿ ಬಿಟ್ಟರೆ ಸಾಲದು. ಸುಳ್ಳು ಕಾರ್ಡು ಮಾಡುವ ಕೆಲಸವೇನೆಂಬುದನ್ನು ವಿಚಾರಿಸಬೇಕು. ಅದು ಇಲ್ಲದ ಜ್ಞಾನವನ್ನು ಇದೆಯೆಂದು ಸಾಧಿಸುವುದು. 1842ರಲ್ಲಿ ನ್ಯಾಯಾಧೀಶನು ಯಾವುದನ್ನು ಊಹೆಯಿಂದ ಹೊರಿಸಿದನೋ ಅದನ್ನೇ ಈ ಕಾರ್ಡು ಮುದ್ರೆಯೊತ್ತಿ ಹೊರಿಸುವುದು. ನಿಜವಾದ ಕಾರ್ಡಿಗೂ ಈ ಅಪಾಯವು ಇಲ್ಲದಿಲ್ಲ. ಓಷಾ ಇಲಾಖೆಯು ದಂಡ ವಿಧಿಸಿದಾಗ ಒಡೆಯನು, ಇದು ತಡೆಯಲಾಗದ ಕೆಲಸಗಾರನ ದುರ್ನಡತೆಯೆಂದು ಪ್ರತಿವಾದ ಮಾಡಬಹುದು. ಅದಕ್ಕಾಗಿ ಅವನು ನಾಲ್ಕು ಸಂಗತಿಗಳನ್ನು ಸ್ಥಾಪಿಸಬೇಕು: ನಿಯಮವನ್ನು ಮಾಡಿದ್ದೆನು, ಅದನ್ನು ತಿಳಿಸಿದ್ದೆನು, ಉಲ್ಲಂಘನೆಯನ್ನು ಕಂಡುಹಿಡಿಯಲು ಯತ್ನಿಸಿದೆನು, ಕಂಡಾಗ ಶಿಕ್ಷಿಸಿದೆನು ಎಂಬುವು. ಇವುಗಳಲ್ಲಿ ಎರಡನೆಯದಕ್ಕೆ ಬೋಧನೆಯ ದಾಖಲೆಯೇ ಸಾಕ್ಷಿ. ಕೆಲಸಗಾರನನ್ನು ರಕ್ಷಿಸಲು ಹುಟ್ಟಿದ ಪತ್ರವು ಹೀಗೆ ಒಡೆಯನ ಕವಚವೂ ಆಗಬಲ್ಲುದು. ಉಳಿದ ಮೂರನ್ನೂ ನ್ಯಾಯಾಧಿಕಾರಿಗಳು ಕಟ್ಟುನಿಟ್ಟಾಗಿ ಕೇಳುವವರೆಗೆ ಮಾತ್ರ ಕಾಯಿದೆಯ ಮೂಲ ಆಶಯವು ಉಳಿದಿರುವುದು.

9

ಹಾಗಾದರೆ ಹತ್ತು ಗಂಟೆಗಳ ಪಾಠವು ನಿಷ್ಫಲವೋ ಎಂದರೆ, ಹಾಗೆ ಹೇಳಲಾಗದು. 1970ರ ಸುಮಾರಿಗೆ ಆ ದೇಶದಲ್ಲಿ ಕೆಲಸದಲ್ಲಿ ಸಾಯುತ್ತಿದ್ದವರು ದಿನಕ್ಕೆ ಸುಮಾರು 38 ಜನರೆಂದು ಅಂದಾಜು ಮಾಡಿರುವರು. 2023ರಲ್ಲಿ ಆ ಸಂಖ್ಯೆಯು 15ರ ಸಮೀಪಕ್ಕೆ ಇಳಿದಿತ್ತು. ಇದಕ್ಕೆ ನಿಯಮ, ತನಿಖೆ, ಯಂತ್ರಗಳ ಸುಧಾರಣೆ, ಉದ್ಯೋಗಗಳ ಬದಲಾವಣೆ ಎಲ್ಲವೂ ಕಾರಣವಾಗಿರುವುವು. ಬೋಧನೆಯ ಪಾಲೂ ಉಂಟು. ಆದರೆ 2023ರಲ್ಲಿಯೂ ಕಟ್ಟಡದ ಕೆಲಸವೊಂದರಲ್ಲಿಯೇ 1,075 ಜನರು ಮಡಿದರು. ಅವರಲ್ಲಿ ನೂರಕ್ಕೆ ಸುಮಾರು 39 ಜನರು ಬಿದ್ದು ಜಾರಿ ಸತ್ತವರು. ಆರು ಅಡಿಯ ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ಅಂಚಿನಲ್ಲಿ ಕಟಾಂಜನವನ್ನು ಕಟ್ಟದೆ ಬಿಟ್ಟರೆ ಆ ಸೂತ್ರವು ಅವನನ್ನು ಹಿಡಿದು ನಿಲ್ಲಿಸದು.

ಭಾರತದಲ್ಲಿಯೂ ಈ ವಿಚಾರಕ್ಕೆ ಅವಕಾಶವುಂಟು. ಕಟ್ಟಡದ ಕೆಲಸಗಾರರ ಸುರಕ್ಷೆಯನ್ನು ಕುರಿತ 1996ರ ಕೇಂದ್ರ ಕಾಯಿದೆಗೆ ಅನುಸಾರವಾಗಿ 2006ರಲ್ಲಿ ಕರ್ನಾಟಕದ ನಿಯಮಗಳು ರಚಿತವಾದುವು; 2020ರ ಔದ್ಯೋಗಿಕ ಸುರಕ್ಷೆಯ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಬೆಂಗಳೂರಿನ ಒಂದೇ ಕಟ್ಟಡದಲ್ಲಿ ರಾಯಚೂರು, ಕಲಬುರಗಿಗಳ ಕನ್ನಡ, ತೆಲುಗು, ಹಿಂದಿ, ಒಡಿಯಾ, ಬಂಗಾಳಿಗಳು ಕೇಳಿಬರುವುವು. ಯಾವ ಭಾಷೆಯಲ್ಲಿ ಎಚ್ಚರಿಕೆ ಕೊಡಬೇಕೆಂಬ ಮ್ಯಾನ್‌ಹಟನ್ನಿನ ಪ್ರಶ್ನೆಯು ಇಲ್ಲಿ ಐದು ಮಡಿಯಾಗಿದೆ. ಸುರಕ್ಷೆಯ ಪಾಠವನ್ನು ಕನ್ನಡದಲ್ಲಿ ಬರೆಯುವವರು ಇಂಗ್ಲೀಷಿನ ಶಬ್ದಗಳಿಗೆ ಹೊಸ ಸಂಸ್ಕೃತಪದಗಳನ್ನು ಹುಡುಕುವುದಕ್ಕಿಂತ ಗಾರೆಯವರ, ಮರಗೆಲಸದವರ, ಮಣ್ಣುಗೆಲಸದವರ ಬಾಯಲ್ಲಿ ಬಳಕೆಯಲ್ಲಿರುವ ಶಬ್ದಗಳನ್ನು ಸಂಗ್ರಹಿಸಿದರೆ ಭಾಷೆಗೂ ಲಾಭ, ಪ್ರಾಣಕ್ಕೂ ಲಾಭ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಸಿದ್ಧವಾಗುವುದು ಇಷ್ಟು. ಕೆಲಸಗಾರನು ಎಲ್ಲವನ್ನೂ ಬಲ್ಲನೆಂಬ ಊಹೆಯಿಂದ ಹೊರಟು, ಅವನಿಗೆ ತಿಳಿಸಬೇಕಾದುದು ಒಡೆಯನ ಧರ್ಮವೆಂಬ ನಿರ್ಣಯಕ್ಕೆ ಬರಲು ಒಂದು ದೇಶಕ್ಕೆ ನೂರಮೂವತ್ತು ವರ್ಷಗಳು ಹಿಡಿದುವು. ಅಂತರಜಾಲದ ಪಾಠವು ಆ ಧರ್ಮವನ್ನು ನಡೆಸುವ ಒಂದು ಸಾಧನ. ಧರ್ಮವು ತೀರಿತೆಂಬುದಕ್ಕೆ ಪ್ರಮಾಣವಲ್ಲ. ಪಾಠವು ಅವನ ಭಾಷೆಯಲ್ಲಿದ್ದು, ಕೈಯಿಂದ ಮಾಡಿ ನೋಡುವ ಅಭ್ಯಾಸವು ಅದರ ಜೊತೆಗಿದ್ದು, ಸಾರುವೆಗೆ ಕಟಾಂಜನವೂ ತೋಡಿಗೆ ಆಸರೆಯೂ ಇದ್ದಾಗ ಕಾರ್ಡಿಗೆ ಅರ್ಥವುಂಟು. ಅವು ಇಲ್ಲದೆಡೆ, ಅವನು ಬಲ್ಲವನಾಗಿದ್ದನೆಂಬ ಹಳೆಯ ತೀರ್ಪನ್ನೇ ಕಾರ್ಡು ಸತ್ತವನ ಜೇಬಿನಿಂದ ಮತ್ತೊಮ್ಮೆ ಹೇಳುವುದು.